ಸನಾದಿ ಯಮನಪ್ಪನವರ ದವಡೆ ಹಲ್ಲು

ಸಂಪಗಾಂವದ ಯಮನಪ್ಪನವರನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತಿಗೆ. ಬೈಲಹೊಂಗಲದ ಪೇಟೆಯಲ್ಲಿರುವ ನಮ್ಮ ಹಲ್ಲಿನ ದವಾಖಾನೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದರು. ಗದ್ದದ ಕೆಳಗಿನಿಂದ ನೆತ್ತಿಯ ಮೇಲಕ್ಕೆ ಟವೆಲ್ಲು ಕಟ್ಟಿದ್ದರು. ಎಡಗಲ್ಲ ಬಾತು ಕಣ್ಣಿನ ತನಕ ಏರಿತ್ತು. ಕಂಕುಳಲ್ಲಿ ಬಟ್ಟೆಯ ಉದ್ದ ಚೀಲ. ಬಾಕಿನ ಮೇಲೆ ಕೂತರೂ ಅದನ್ನು ಕೆಳಗಿಡಲಿಲ್ಲ. ಜೊತೆಗೆ ಅವರ ಹೆಂಡತಿ ಇಂದ್ರವ್ವ ಇದ್ದರು.

ನಾನು ಆ ದವಾಖಾನೆಯಲ್ಲಿ ಕಸ ಹೊಡೆದು, ಸಾಮಾನು ತೊಳೆದು ಕುದಿಸಿಡುವವಳು. ಚೀಟಿ ಬರೆಯುವವರು ಬಾರದ ದಿನ ಹೆಸರು, ಊರು ಬರೆದುಕೊಳ್ಳುವುದೂ ನನ್ನ ಕೆಲಸವೇ. ಅವತ್ತು ನಾನೇ ಬರೆದೆ.

"ಹೆಸರೇನ್ರಿ?"

ಯಮನಪ್ಪ ಬಾಯಿ ತೆರೆಯಲಿಲ್ಲ. ಇಂದ್ರವ್ವನೇ ಹೇಳಿದರು. "ಯಮನಪ್ಪ ಅಂತ ಬರಕೋರಿ. ವಯಸ್ಸು ಅರವತ್ತನಾಕು. ಎರಡ ತಿಂಗಳಾತ್ರಿ ಈ ಹಲ್ಲಿನ ಸಂಗಾಟ ಸಂಸಾರ ಮಾಡಾಕ ಹತ್ತಿ. ಇವರು ನುಂಗಿದ ಗುಳಗಿಯಾಗ ಮೆಡಿಕಲ್ ಅಂಗಡ್ಯಾಂವ ತನ್ನ ಮಗಳ ಮದುವಿ ಮಾಡಿ ಮುಗಸ್ಯಾನ."

"ಆ ಚೀಲದಾಗ ಏನೈತ್ರಿ? ಇಲ್ಲೆ ಕೊಡ್ರಿ, ಕಪಾಟಿನಾಗ ಇಡ್ತೇನಿ."

"ನನ್ನ ಸವತಿ ಅದಾಳ ಅದರಾಗ," ಎಂದರು ಇಂದ್ರವ್ವ. "ನಾ ಕೇಳಿದ್ರೂ ಕೊಡೂದಿಲ್ಲ, ನಿಮಗೆಲ್ಲಿ ಕೊಡ್ತಾರ?"

ಚೀಲದಲ್ಲಿ ಸನಾದಿ ಇತ್ತು. ಯಮನಪ್ಪ ಮದುವೆಗಳಲ್ಲಿ ವಾಜಂತ್ರಿ ಬಾರಿಸುವವರು. ಅವರ ತಂದೆಯದೂ ಅದೇ ಕೆಲಸ. ಏಳು ವರ್ಷದವರಿದ್ದಾಗ ತಂದೆ ಅವರ ಕೈಗೆ ಒಂದು ಟೊಳ್ಳು ಮಾಡಿದ ಜೋಳದ ದಂಟನ್ನೂ ನೀರು ತುಂಬಿದ ತಂಬಿಗೆಯನ್ನೂ ಕೊಟ್ಟು, ನೀರಿನಲ್ಲಿ ಗುಳ್ಳೆ ನಿಲ್ಲದಂತೆ ಊದು ಎಂದು ಕೂರಿಸಿದ್ದರಂತೆ. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗಲೂ ಗಲ್ಲದಲ್ಲಿ ತುಂಬಿಟ್ಟ ಗಾಳಿ ಹೊರಗೆ ಹೋಗುತ್ತಿರಬೇಕು. ಅದು ಬರಲು ಅವರಿಗೆ ಒಂದು ವರ್ಷ ಎರಡು ತಿಂಗಳು ಬೇಕಾಯಿತು. ಅಲ್ಲಿಂದ ಮುಂದೆ ಐವತ್ತಾರು ವರ್ಷ ಆ ಸುತ್ತಿನ ಊರುಗಳ ಮದುವೆಗಳಲ್ಲಿ ಊದಿದ್ದರು, ತಂದೆ ತೀರಿಕೊಂಡ ಮೇಲೆ ಅವರದೇ ಮುಂದಿನ ಸನಾದಿ. ಮುಂದಿನ ಸನಾದಿ ಅಂದರೆ ಹಾಡು ನುಡಿಸುವುದು. ಹಿಂದೆ ಇನ್ನೊಂದು ಇರುತ್ತದೆ. ಅದು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅದಕ್ಕೆ ಅವರು ಸುತಿ ಅನ್ನುತ್ತಾರೆ. ಸುತಿ ಹಿಡಿಯುತ್ತಿದ್ದವನು ಅವರ ಅಕ್ಕನ ಮಗ ಸುಭಾಸ. ಅವನು ಇಪ್ಪತ್ತು ವರ್ಷದಿಂದ ಆ ಒಂದೇ ಸ್ವರ ಹಿಡಿದಿದ್ದ.

ನಮ್ಮ ಡಾಕ್ಟರಬಾಯಿ ಅವರ ಬಾಯಿ ತೆರೆಸಿ ನೋಡಿದರು. ಕೆಳಗಿನ ದವಡೆ, ಎಡಕ್ಕೆ, ಹಿಂದಿನಿಂದ ಎರಡನೆಯದು. ಹಲ್ಲು ಎರಡು ಹೋಳಾಗಿತ್ತು.

"ಇದನ್ನ ಇಟ್ಕೊಂಡು ಉಪಯೋಗಿಲ್ಲ, ಕೀಳಬೇಕು," ಎಂದರು.

ಆಗ ಯಮನಪ್ಪ ಮೊದಲ ಬಾರಿಗೆ ಮಾತಾಡಿದರು. "ರವಿವಾರ ಊದಬೇಕ್ರಿ."

ಅದು ಗಂಗಯ್ಯನವರ ಮನೆಯ ಮದುವೆ. ಗಂಗಯ್ಯ ಸಂಪಗಾಂವದ ಹಿರಿಯರು, ಅವರ ಮೊಮ್ಮಗಳು ಐಶ್ವರ್ಯಾಳ ಅಕ್ಕಿಕಾಳು, ಅಂದರೆ ಅಕ್ಷತೆ ಹಾಕುವ ಮುಹೂರ್ತ, ರವಿವಾರ ಹನ್ನೆರಡೂವರೆಗೆ. ಮನೆಯ ತರುಣರೆಲ್ಲ ಡಿಜೆ ತರಿಸೋಣ ಎಂದು ಹಟ ಹಿಡಿದಿದ್ದರು. ಗಂಗಯ್ಯ ಒಬ್ಬರೇ, ನಮ್ಮ ಮನೆಯಲ್ಲಿ ಯಮನಪ್ಪನ ಸನಾದಿ ಇಲ್ಲದೆ ಅಕ್ಕಿಕಾಳು ಬಿದ್ದಿಲ್ಲ ಎಂದು ಎಲೆ ಅಡಿಕೆ ಕಳಿಸಿದ್ದರು. ಎಲೆ ಅಡಿಕೆ ಹಿಡಿದ ಮೇಲೆ ವಾಜಂತ್ರಿಯವರು ಇಲ್ಲ ಅನ್ನುವಂತಿಲ್ಲ.

"ಈ ಸಲ ನಾ ಇಲ್ಲಂದ್ರ ಡಿಜೆ ಬರತೈತ್ರಿ," ಎಂದರು ಯಮನಪ್ಪ. "ಒಮ್ಮೆ ಒಂದ ಮನಿಗೆ ಡಿಜೆ ಬಂತಂದ್ರ ಆ ಮನಿಗೆ ನಾವು ಮತ್ತ ಹೋಗಂಗಿಲ್ಲ. ಕರಿಯೂದಿಲ್ಲ. ಆರ ಊರು ಹಂಗ ಹೋದುವು. ಇದೊಂದ ಊರು ಉಳದೈತಿ."

ಡಾಕ್ಟರಬಾಯಿ ಸುಳ್ಳು ಧೈರ್ಯ ಹೇಳಲಿಲ್ಲ. "ಸಾದಾ ಮಂದಿಗೆ ಒಂದ ವಾರದಾಗ ಆರಾಮ ಅನಿಸ್ತೈತಿ. ಊದೂದು ಬ್ಯಾರೆ ಮಾತು. ಶುಕ್ರವಾರ ಬರ್ರಿ, ಗಾಯ ನೋಡಿ ಹೇಳ್ತೇನಿ. ಆಶಾ ಮಾತ್ರ ಇಟ್ಕೋಬ್ಯಾಡ್ರಿ," ಎಂದು ಸೂಜಿ ಹಾಕಿ ಹಲ್ಲು ತೆಗೆದರು. ಇಪ್ಪತ್ತು ನಿಮಿಷ ಹಿಡಿಯಿತು. ಯಮನಪ್ಪ ಕೈಯಲ್ಲಿ ಚೀಲ ಹಿಡಿದುಕೊಂಡೇ ಇದ್ದರು.

ಹಲ್ಲು ತೆಗೆದ ಮೇಲೆ ಮನೆಯಲ್ಲಿ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಅಚ್ಚಿನ ಕಾಗದವಿದೆ. ಜನ ಅದನ್ನು ಮಡಚಿ ಕಿಸೆಯಲ್ಲಿಟ್ಟು ಅಂಗಿಯ ಜೊತೆ ಒಗೆದುಬಿಡುತ್ತಾರೆ. ಅದಕ್ಕೇ ಡಾಕ್ಟರಬಾಯಿ ಆ ಕೆಲಸವನ್ನು ನನಗೆ ವಹಿಸಿದ್ದಾರೆ. ಹೊರಗೆ ಬಾಕಿನ ಮೇಲೆ ಕೂರಿಸಿ ನಾನು ಬಾಯಿಂದ ಹೇಳಿ, ಅವರಿಂದ ಒಮ್ಮೆ ತಿರುಗಿ ಹೇಳಿಸಿ ಕಳಿಸುತ್ತೇನೆ. ಯಮನಪ್ಪನವರ ಬಾಯಲ್ಲಿ ಹತ್ತಿ ಇದ್ದುದರಿಂದ ಇಂದ್ರವ್ವನಿಗೆ ಹೇಳಿದೆ.

"ಒಂದ ತಾಸು ಹತ್ತಿ ಕಚ್ಚಿ ಹಿಡೀಬೇಕು. ತಗದು ತಗದು ನೋಡಬಾರದು. ಉಗಳಬಾರದು, ಉಗುಳು ಬಂದ್ರ ನುಂಗಬೇಕು. ನಾಳೆ ಈ ಹೊತ್ತಿನ ತನಕ ಬಾಯಿ ಮುಕ್ಕಳಸಬಾರದು. ಇವತ್ತ ಬಿಸಿ ಏನೂ ಬ್ಯಾಡ, ಚಹಾ ಸೈತ ಬ್ಯಾಡ. ಆರಿದ ಗಂಜಿ, ಮೊಸರನ್ನ, ಅದನ್ನೂ ಬಲಗಡೆ. ಗಲ್ಲದ ಮ್ಯಾಲ ಹೊರಗಿಂದ ಬರ್ಫ ಹಿಡೀರಿ. ಮಲಗೂವಾಗ ಎರಡ ದಿಂಬು ಇಡ್ರಿ. ಬೀಡಿ, ತಂಬಾಕ, ಎಲಿ ಅಡಕಿ, ಎಳನೀರಿನ ನಳಿಗಿ, ಇವು ಒಂದೂ ಬಾಯಿಗೆ ಹೋಗಬಾರದು. ನಾಳೆ ಮಧ್ಯಾಹ್ನದಿಂದ ಒಂದ ವಾಟಗಾ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಾಗ ತೊಗೊಂಡು ತಲಿ ಹೊಳ್ಳಸಿ ಬಿಡೂದು, ಅಷ್ಟ. ಗಳ ಗಳ ಮಾಡೂದಲ್ಲ, ಥೂ ಅನ್ನೂದಲ್ಲ. ಉಂಡ ಮ್ಯಾಲ ಪ್ರತಿ ಸಲ. ಉಳದ ಹಲ್ಲು ಮೆತ್ತಗ ತಿಕ್ಕಬೇಕು, ಹೊಲಸ ಬಿಡಬಾರದು."

"ಅಯ್ಯ, ಬಾಣಂತನ ಆತಲ್ರಿ ಇದು!" ಎಂದರು ಇಂದ್ರವ್ವ. "ನನ್ನ ಮೂರ ಬಾಣಂತನಕ್ಕ ಇವರು ಒಂದ ವಾಟಗಾ ನೀರು ಕಾಸಿಕೊಟ್ಟಿಲ್ಲ."

"ಹಲ್ಲು ಕಿತ್ತ ಕುಣಿಯಾಗ ರಕ್ತ ಹೆಪ್ಪುಗಟ್ಟತೈತ್ರಿ. ಅದ ಔಷಧ. ಹಾಲಿಗೆ ಹೆಪ್ಪು ಹಾಕಿ ಗಡಗಿ ಅಲ್ಲಾಡಿಸಿದ್ರ ಮೊಸರು ಕೂಡತೈತೇನು? ಅದಕ್ಕ ಇಷ್ಟೆಲ್ಲ. ಸನಾದಿ ಅಂತೂ ಮುಟ್ಟೂದ ಬ್ಯಾಡ."

ಯಮನಪ್ಪ ತಲೆ ಆಡಿಸಿದರು. ಚೀಲವನ್ನು ಅಲ್ಲಿಯೇ ಹೆಂಡತಿಯ ಕೈಗೆ ಕೊಟ್ಟರು. ಇಂದ್ರವ್ವ ಅದನ್ನು ಮನೆಗೆ ಒಯ್ದು ಜೋಳದ ಕಣಜದ ಮೇಲೆ, ಅವರ ಕೈಗೆ ಎಟುಕದ ಹಾಗೆ ಇಟ್ಟರಂತೆ.

ಶುಕ್ರವಾರ ಬಂದಾಗ ಬಾವು ಇಳಿದಿತ್ತು, ಆದರೆ ಮುಖ ಬಿಳಿಚಿತ್ತು. ಅವರನ್ನು ಸುಭಾಸ ಮೋಟಾರ್ ಸೈಕಲ್ಲಿನ ಮೇಲೆ ಕರೆತಂದಿದ್ದ. ಇಂದ್ರವ್ವ ಅವರ ಹಿಂದೆಯೇ ಬಸ್ಸಿನಲ್ಲಿ ಬಂದರು. ಬುಧವಾರ ಚೆನ್ನಾಗಿತ್ತು, ಗುರುವಾರ ಬೆಳಗಿನಿಂದ ನೋವು ಕಿವಿಗೆ ಹೊಡೆಯುತ್ತಿದೆ, ಬಾಯಿ ವಾಸನೆ ಬರುತ್ತಿದೆ ಎಂದು ಯಮನಪ್ಪ ಹೇಳಿದರು. ಡಾಕ್ಟರಬಾಯಿ ನೋಡಿ ನನ್ನನ್ನೂ ಕರೆದು ತೋರಿಸಿದರು. ಕುಣಿ ಖಾಲಿ ಇತ್ತು. ಹೆಪ್ಪು ಕಿತ್ತು ಹೋಗಿ ತಳದಲ್ಲಿ ಎಲುಬು ಬೆಳ್ಳಗೆ ಕಾಣುತ್ತಿತ್ತು.

"ಬೀಡಿ ಸೇದಿದ್ರೇನು?"

"ಜನ್ಮದಾಗ ಸೇದಿಲ್ರಿ."

"ಸನಾದಿ ಊದಿದ್ರಿ?"

ಅದಕ್ಕೆ ಇಂದ್ರವ್ವ ಉತ್ತರ ಕೊಟ್ಟರು. "ಕಣಜದ ಮ್ಯಾಲ ಹತ್ತಬೇಕಂದ್ರ ಏಣಿ ಬೇಕ್ರಿ. ಏಣಿ ನೆರಮನ್ಯಾಗ ಐತಿ. ಬಾಜೂದಾಕಿಗೆ ಹೇಳಿ ಇಟ್ಟೇನಿ, ಇವರು ಕೇಳಿದ್ರ ಕೊಡಬ್ಯಾಡ ಅಂತ."

ಡಾಕ್ಟರಬಾಯಿ ಕುಣಿಯನ್ನು ತೊಳೆದು, ಲವಂಗದ ವಾಸನೆಯ ಔಷಧಿಯಲ್ಲಿ ಅದ್ದಿದ ಪಟ್ಟಿಯನ್ನು ಒಳಗೆ ತುಂಬಿದರು. ನೋವು ಅರ್ಧ ತಾಸಿನಲ್ಲಿ ತಗ್ಗಿತು. ಆದರೆ ಹೆಪ್ಪು ಏಕೆ ಹೋಯಿತು ಎಂದು ತಿಳಿಯಲಿಲ್ಲ. ನಾನು ಹೇಳಿದ್ದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸಿತು. ಅವರನ್ನು ಬಾಕಿನ ಮೇಲೆ ಕೂರಿಸಿ ಕೇಳಿದೆ.

"ಮಂಗಳವಾರದಿಂದ ನಿಮ್ಮ ಬಾಯಾಗ ಏನೇನು ಹೋತು, ಒಂದೊಂದ ಹೇಳ್ರಿ. ಅವಸರಿಲ್ಲ."

ಅವರು ನೆನಪು ಮಾಡಿಕೊಂಡು ಹೇಳತೊಡಗಿದರು. ಮಂಗಳವಾರ ಆರಿದ ಗಂಜಿ. ರಾತ್ರಿ ಹಾಲು. ಬುಧವಾರ ಮೊಸರನ್ನ, ಉಪ್ಪುನೀರು ಮೂರು ಸಲ. ಗುರುವಾರ ಏನು ಎಂದು ಯೋಚಿಸುತ್ತಾ ಅಂಗಿಯ ಕಿಸೆಗೆ ಕೈ ಹಾಕಿದರು. ಏನೋ ಸಣ್ಣದನ್ನು ತೆಗೆದು ತುಟಿಯ ನಡುವೆ ಇಟ್ಟುಕೊಂಡು, ಮೆಲ್ಲಗೆ ಚೀಪುತ್ತಾ ಯೋಚನೆ ಮುಂದುವರಿಸಿದರು.

"ಅದೇನ್ರಿ ಬಾಯಾಗ?"

"ಎಲ್ಲೆ? ಏನಿಲ್ಲ."

"ತುಟಿಯಾಗ ಹಿಡದೀರಲ್ಲ?"

"ಇದೇನ್ರಿ? ಪೀಪಿ ಇದು."

ಸನಾದಿಯ ತುದಿಯಲ್ಲಿ ಬಾಯಿಗೆ ಹಿಡಿಯಲು ಒಂದು ಪುಟ್ಟ ಪೀಪಿ ಇರುತ್ತದೆ, ಜೊಂಡಿನದು. ಒಣಗಿದ್ದರೆ ಅದು ನುಡಿಯುವುದಿಲ್ಲ. ಹೊಸ ಪೀಪಿಯನ್ನು ಮದುವೆಗೆ ನಾಲ್ಕೈದು ದಿನ ಮೊದಲೇ ಬಾಯಲ್ಲಿಟ್ಟು, ಚೀಪಿ ಚೀಪಿ ಉಗುಳಿನಲ್ಲಿ ಹದ ಮಾಡಬೇಕಂತೆ. ಊದುವವನ ಉಗುಳೇ ಆಗಬೇಕಂತೆ, ನೀರಿಗೆ ಹಾಕಿದರೆ ಸೀಳುತ್ತದಂತೆ. ಎಲ್ಲ ಸನಾದಿಯವರೂ ಹಾಗೇ ಮಾಡುತ್ತಾರೆ. ಬೇರೆಯವರು ಅಡಿಕೆ ಇಟ್ಟುಕೊಂಡ ಹಾಗೆ ಅದು ಅವರ ಬಾಯಲ್ಲಿ ಇದ್ದೇ ಇರುತ್ತದೆ. ಅದು ಇದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಯಮನಪ್ಪ ಬುಧವಾರ ಬೆಳಗಿನಿಂದ ಅದನ್ನು ಚೀಪುತ್ತಲೇ ಇದ್ದರು.

"ಊದಬ್ಯಾಡ ಅಂದ್ರಿ, ಊದಿಲ್ಲ," ಎಂದರು. "ಇದಂತೂ ಬಲಗಡೆ ಇಟ್ಕೊಂಡೇನಿ. ಹಲ್ಲು ಕಿತ್ತದ್ದು ಎಡಕ್ಕ."

"ಬಾಂವಿಗೆ ಒಂದ ಕಡೆ ಮೋಟರ್ ಹಚ್ಚಿದ್ರ ನೀರು ಆ ಕಡೆ ಅಷ್ಟ ಇಳೀತೈತೇನ್ರಿ? ಬಾಯಿ ಒಂದ. ನೀವು ಇಲ್ಲೆ ಎಳದ್ರ ಅಲ್ಲೆ ಕೀಳತೈತಿ."

ಇಂದ್ರವ್ವ ಗಂಡನ ಕೈಯಿಂದ ಪೀಪಿ ಕಸಿದುಕೊಂಡು ಸೆರಗಿನ ತುದಿಗೆ ಕಟ್ಟಿದರು. "ಸವತಿ ಕಣಜದ ಮ್ಯಾಲ ಇದ್ಲು, ಆಕಿ ಮಗಳು ಕಿಸೇದಾಗ ಇದ್ಲು," ಎಂದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ತಪ್ಪು ಅರ್ಧ ನನ್ನದು. ಬೀಡಿ ಎಳೆಯಬೇಡಿ, ನಳಿಗೆ ಎಳೆಯಬೇಡಿ ಎಂದು ಒಂದೊಂದಾಗಿ ಹೇಳಿದ್ದೆನೇ ಹೊರತು, ಏನನ್ನೂ ಚೀಪಬೇಡಿ ಎಂದು ಹೇಳಿರಲಿಲ್ಲ. ಅವತ್ತಿನಿಂದ ಹೇಳುತ್ತೇನೆ. ನೀವೇನು ಕೆಲಸ ಮಾಡುತ್ತೀರಿ, ಅದರಲ್ಲಿ ಬಾಯಿಗೆ ಏನು ಹಿಡಿಯುತ್ತೀರಿ ಎಂದೂ ಕೇಳುತ್ತೇನೆ. ದಾರ ಕಡಿಯುವ ದರ್ಜಿ, ಮೊಳೆ ಕಚ್ಚಿಕೊಳ್ಳುವ ಬಡಿಗ, ಎಲ್ಲರಿಗೂ ಏನೋ ಒಂದಿರುತ್ತದೆ.

ಯಮನಪ್ಪ ಬಾಕಿನ ಮೇಲಿಂದ ನನ್ನ ಕಡೆ ಬಗ್ಗಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಅಕ್ಕಾರ, ಗಲ್ಲದ ಮ್ಯಾಲ ಕೈ ಒತ್ತಿ ಹಿಡದು, ಅಕ್ಕಿಕಾಳಿನ ಹೊತ್ತಿನಾಗ ಒಂದ ಹತ್ತ ನಿಮಿಷ?"

"ಆಗೂದಿಲ್ರಿ. ತುಂಬಿದ ಪಟ್ಟಿ ಗಾಳಿಗೆ ಹಾರತೈತಿ. ಬರೇ ಎಲುಬಿನ ಮ್ಯಾಲ ಗಾಳಿ ಬಡದ್ರ ನೀವು ಎರಡನೇ ಉಸಿರಿಗೆ ನೆಲಕ್ಕ ಕೂಡ್ತೀರಿ. ಎಲುಬಿಗೆ ಕೀವಾದ್ರ ಈ ವರ್ಷ ಪೂರಾ ಹೋತು."

"ಮತ್ತ ಸುಭಾಸ ಊದಲಿ," ಎಂದರು ಇಂದ್ರವ್ವ.

ಬಾಗಿಲಲ್ಲಿ ನಿಂತಿದ್ದ ಸುಭಾಸ ಹಾವು ಕಂಡವನಂತೆ ಹಿಂದೆ ಸರಿದ. "ಅತ್ತಿ, ಏನ ಮಾತಾಡ್ತಿ? ಮಾಂವ ಇರೂತನಕ ನಾ ಮುಂದಿನ ಸನಾದಿ ಮುಟ್ಟೂದಿಲ್ಲ."

ಅವರಲ್ಲಿ ಹಾಗೊಂದು ನಿಯಮವಿದೆ. ಹಿರಿಯ ತನ್ನ ಕೈಯಾರೆ ಕೊಡದೆ ಕಿರಿಯ ತೆಗೆದುಕೊಳ್ಳುವಂತಿಲ್ಲ. ಕೊಟ್ಟ ಹಿರಿಯರನ್ನು ಯಮನಪ್ಪ ನೋಡಿರಲಿಲ್ಲ. ಅವರ ತಂದೆಯೂ ಕೊಟ್ಟಿರಲಿಲ್ಲ, ತೀರಿಕೊಂಡ ಮೇಲೆ ಇವರು ಹಿಡಿದಿದ್ದರು.

"ನಿನಗ ಹಾಡು ಬರತಾವೇನು?" ಎಂದು ಕೇಳಿದರು. ಅಳಿಯನನ್ನು ಇಪ್ಪತ್ತು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲಂತೆ.

"ನಿಮ್ಮ ಹಿಂದ ಕುಂತು ಕೇಳಿ ಕೇಳಿ ಬರತಾವು. ಹೊಲದಾಗ ಊದತೇನಿ, ಯಾರೂ ಇಲ್ಲದಾಗ."

"ಗೊತ್ತೈತಿ," ಎಂದರು ಇಂದ್ರವ್ವ. "ನಮ್ಮ ಎಮ್ಮಿ ಅದಕ್ಕ ಹಾಲು ಕಡಿಮಿ ಮಾಡೇತಿ."

ಶನಿವಾರ ಯಮನಪ್ಪ ತಾವೇ ಗಂಗಯ್ಯನವರ ಮನೆಗೆ ಹೋಗಿ ವಿಷಯ ಹೇಳಿದರು. ಗಂಗಯ್ಯನವರಿಗೆ ಸಿಟ್ಟು ಬಂತು. "ಮಕ್ಕಳ ಮುಂದ ಹಟಾ ಮಾಡಿ ನಿನ್ನ ಕರಿಸೇನಿ ಯಮನಪ್ಪ. ನಾಳೆ ಅಕ್ಕಿಕಾಳು. ಇವತ್ತ ಬಂದು ಹಲ್ಲಿನ ಪುರಾಣ ಹೇಳ್ತೀಯಲ್ಲ?" ಎಂದರು. ಯಮನಪ್ಪ ತುಟಿ ಹೆಚ್ಚು ಅಲುಗಿಸದೆ ಇಷ್ಟೇ ಹೇಳಿದರು. "ಹುಡುಗ ಊದತಾನ್ರಿ. ನಾ ಸುತಿ ಹಿಡಿತೇನಿ, ಕೈಲೆ. ಕೆಟ್ಟರ ಡಿಜೆ ತರಸ್ರಿ, ನಾನ ಅಡ್ಡ ಬರೂದಿಲ್ಲ." ಮನೆಗೆ ಬಂದು ಏಣಿ ತರಿಸಿ, ಸನಾದಿ ಇಳಿಸಿ, ಸುಭಾಸನ ಎರಡೂ ಕೈಯಲ್ಲಿ ಇಟ್ಟರು. ಭಜನಾ ಮೇಳದವರಿಂದ ಹಾರ್ಮೋನಿಯಂ ಪೇಟಿ ಕೇಳಿ ತಂದರು.

ರವಿವಾರ ದವಾಖಾನೆಗೆ ರಜೆ. ಇಂದ್ರವ್ವ ಕರೆದಿದ್ದರಿಂದ ನಾನೂ ಹೋದೆ. ಚಪ್ಪರದ ಮೂಲೆಯಲ್ಲಿ ವಾಜಂತ್ರಿಯವರು ಕೂತಿದ್ದರು. ಯಮನಪ್ಪ ಹಿಂದೆ, ಸುಭಾಸ ಕೂರುತ್ತಿದ್ದ ಜಾಗದಲ್ಲಿ ಕೂತು, ಎಡಗೈಯಿಂದ ಪೇಟಿಗೆ ಗಾಳಿ ಹಾಕುತ್ತಾ ಬಲಗೈಯ ಒಂದೇ ಬೆರಳಿನಿಂದ ಒಂದೇ ಸ್ವರದ ಮನೆ ಒತ್ತಿಕೊಂಡಿದ್ದರು. ಸುಭಾಸನ ಉಸಿರು ಮೊದಲ ಹಾಡಿನಲ್ಲಿ ಎರಡು ಸಲ ಕಡಿಯಿತು. "ಡಿಜೆದಾಂವನ ನಂಬರ್ ಐತೇನಲೇ?" ಎಂದು ಒಬ್ಬ ತರುಣ ಎಲ್ಲರಿಗೂ ಕೇಳುವಂತೆ ಅಂದ. ಸುಭಾಸನ ಕಿವಿ ಕೆಂಪಾಯಿತು.

ನಾನು ಹೆಂಗಸರ ಕಡೆಯಿಂದ ಯಮನಪ್ಪನವರನ್ನೇ ನೋಡುತ್ತಿದ್ದೆ. ಸುಭಾಸ ತಡವರಿಸಿದಾಗಲೆಲ್ಲ ಇವರ ಗಲ್ಲ ತಾನಾಗಿ ಗಾಳಿ ತುಂಬಿಕೊಳ್ಳುತ್ತಿತ್ತು. ನಾನು ಕೈ ಮಾಡಿ ನನ್ನ ಗಲ್ಲ ಮುಟ್ಟಿ ತೋರಿಸಿದೆ. ಅವರು ಗಾಳಿ ಬಿಟ್ಟು ತಲೆ ತಗ್ಗಿಸಿದರು. ಆಮೇಲೆ ಮುಂದೆ ಸರಿದು ಸುಭಾಸನ ಬೆನ್ನಿಗೆ ಮೊಣಕಾಲು ಹಚ್ಚಿ ಕೂತರು. ಏಕೆಂದು ಮೊದಲು ತಿಳಿಯಲಿಲ್ಲ. ಅವನು ಉಸಿರು ಎಳೆಯಬೇಕಾದಲ್ಲಿ ಇವರು ಮೊಣಕಾಲಿನಿಂದ ಒಮ್ಮೆ ನೂಕುತ್ತಿದ್ದರು. ಅಕ್ಕಿಕಾಳು ಬೀಳುವ ಹೊತ್ತಿಗೆ ಉಸಿರು ಕಡಿಯಲಿಲ್ಲ. ಹದಿಮೂರು ನಿಮಿಷ ನಿಲ್ಲದೆ ಊದಿದ. ನಾನು ಗಡಿಯಾರ ನೋಡಿಕೊಂಡಿದ್ದೆ.

ಗಂಗಯ್ಯ ಬಂದು ನಿಂತರು. "ನಿನ್ನಷ್ಟಿಲ್ಲ," ಎಂದರು ಯಮನಪ್ಪನವರಿಗೆ. ಸುಭಾಸನ ಕಡೆ ನೋಡಿ, "ಆದ್ರ ಐತಿ," ಎಂದರು.

ಊಟದಲ್ಲಿ ಯಮನಪ್ಪ ಗೋದಿ ಹುಗ್ಗಿಯನ್ನು ಆರುವ ತನಕ ಮುಂದಿಟ್ಟುಕೊಂಡು ಕೂತು, ಬಲಗಡೆಯಿಂದ ಉಂಡರು. ಬುಂದಿ ಉಂಡಿಯನ್ನೂ ಹಪ್ಪಳವನ್ನೂ ಹೆಂಡತಿಯ ಎಲೆಗೆ ಹಾಕಿದರು. ಮನೆಗೆ ಹೋಗಿ ಬಾಯಿಗೆ ಉಪ್ಪುನೀರು ಹಾಕಿಕೊಂಡರು ಎಂದು ಇಂದ್ರವ್ವ ಮರುದಿನ ಹೇಳಿದರು. ಆ ಸೋಮವಾರ, ಬುಧವಾರ, ಶನಿವಾರ ಬಂದು ಪಟ್ಟಿ ಬದಲಿಸಿಕೊಂಡರು. ಶನಿವಾರದ ಪಟ್ಟಿಯ ಮೇಲೆ ಮತ್ತೆ ಬೇಕಾಗಲಿಲ್ಲ. ಕುಣಿಯಲ್ಲಿ ಕೆಂಪು ಮಾಂಸ ತಳದಿಂದ ಏರತೊಡಗಿತ್ತು. ಅವರಷ್ಟು ಸರಿಯಾಗಿ ಬಾಯಿ ಕಾದವರನ್ನು ನಾನು ಆಮೇಲೆ ಕಂಡಿಲ್ಲ.

ಅದಾದ ಮೇಲೆ ಅವರು ಎರಡು ವರ್ಷ ನಾಲ್ಕು ತಿಂಗಳು ಬದುಕಿದ್ದರು. ತೀರಿಕೊಂಡದ್ದು ಹೃದಯದ ಬೇನೆಯಿಂದ, ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ದವಾಖಾನೆಗೆ ಇನ್ನೊಮ್ಮೆ ಮಾತ್ರ ಬಂದರು. ನಾನು ಅವರೊಡನೆ ಮಾತಾಡಿದ್ದು ಹಲ್ಲು ಕಿತ್ತ ಇಪ್ಪತ್ತೆರಡನೆಯ ದಿನ, ಅದೇ ಕೊನೆ.

ಅವತ್ತು ಡಾಕ್ಟರಬಾಯಿ ಒಸಡನ್ನು ಒತ್ತಿ ನೋಡಿ, "ಮುಚ್ಚಿಕೊಂಡೈತಿ. ನಾಳೆಯಿಂದ ದಿನಾ ಹತ್ತ ನಿಮಿಷ ಊದ್ರಿ, ನೋವಾದ್ರ ಬಿಡ್ರಿ," ಎಂದರು. ಯಮನಪ್ಪ ಹೊರಗೆ ಬಂದು ನನ್ನ ಪಕ್ಕದಲ್ಲಿ ಬಾಕಿನ ಮೇಲೆ ಕೂತರು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

"ಚಲೋ ಆತಲ್ರಿ," ಎಂದೆ.

"ಚಲೋ ಆತ್ರಿ." ಕಿಟಕಿಯಿಂದ ಕೆಳಗೆ ನೋಡಿದರು. ಸುಭಾಸ ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದ. "ಚಚಡಿ ಊರಿಂದ ಎಲಿ ಅಡಕಿ ಬಂದೈತಿ. ಸುಭಾಸನ್ನ ಕರಕೊಂಡು ಬರ್ರಿ ಅಂದಾರ. ಚಚಡಿ ನಮ್ಮ ಕೈ ಬಿಟ್ಟು ಒಂಬತ್ತ ವರ್ಷ ಆಗಿತ್ರಿ. ಮೊದಲ ಕೇಳಿದಾಗ ಹೊಟ್ಟಿ ಉರೀತು. ಖರೇನ ಹೇಳ್ತೇನಿ. ಎರಡ ದಿನ ಅವನ ಸಂಗಾಟ ಮಾತಾಡ್ಲಿಲ್ಲ."

"ಈಗ?"

"ಈಗ ನಾ ಕೆಳಗಿಳದು, ಬಾಯಿ ಆರಾಮಾತು ಅಂದ್ರ, ಸಂಜೀಕ ಸನಾದಿ ತಂದು ನನ್ನ ಕೈಯಾಗ ಇಡ್ತಾನ. ಬ್ಯಾಡ ಅಂದ್ರೂ ಇಡ್ತಾನ. ಹೊಳ್ಳಿ ಹೋಗಿ ಹಿಂದ ಕೂಡ್ತಾನ. ಅಂವ ಹಂಗ ಅದಾನ್ರಿ. ನಾ ಹೇಳಿದ್ರ ನಂಬೂದಿಲ್ಲ, ನಿಮ್ಮ ಮಾತು ನಂಬತಾನ."

ಅವರು ನನ್ನ ಕಡೆ ತಿರುಗಿದರು.

"ಅಕ್ಕಾರ, ನೀವ ಒಮ್ಮೆ ನನ್ನ ಜೋಡಿ ಕೆಳಗ ಬಂದು, ನಿಮ್ಮ ಮಾಂವನ ಬಾಯಿ ಇನ್ನಾ ಮಾಯ್ದಿಲ್ಲ, ಮುಂದಿನ ಬ್ಯಾಸಗಿ ಮುಗಿಯೂತನಕ ಊದಬಾರದು ಅಂತ ಅವಂಗ ಹೇಳ್ತೀರೇನ್ರಿ?"